ಆರುನೂರ ಹನ್ನೆರಡು ಎಲಿಯೊ

ವೆಂಡೆಲ್ ಕ್ರೌಸ್ ಯಾರ ಕಾರ್ಡು ಕೊಂಡನೋ ಆ ಹುಡುಗನ ಕತೆ ಮುಗಿಯಿತು ಎಂಬುದು ಕೆಲ್ಸೊ ಫಾಲ್ಸ್‌ನಲ್ಲಿ ಪಾದ್ರಿಯಿಂದ ಹಿಡಿದು ಕ್ಷೌರಿಕನವರೆಗೆ ಎಲ್ಲರೂ ಒಪ್ಪಿದ್ದ ಮಾತು. ಅಯೋವಾದ ಈ ಸಣ್ಣ ಊರಿಗೆ ಒಂದು ಸಣ್ಣ ಬೇಸ್‌ಬಾಲ್ ತಂಡವಿದೆ. ದೊಡ್ಡ ತಂಡದವರು ಇನ್ನೂ ಕಾಯಾಗಿರುವ ಹುಡುಗರನ್ನು ಮಾಗಲಿ ಎಂದು ಇಲ್ಲಿಗೆ ಕಳಿಸುತ್ತಾರೆ. ಇಪ್ಪತ್ತರಲ್ಲಿ ಒಬ್ಬ ಮೇಲಕ್ಕೆ ಹೋಗುತ್ತಾನೆ, ಉಳಿದವರು ಬಸ್ಸು ಹತ್ತಿ ಮನೆಗೆ ಹೋಗುತ್ತಾರೆ. ಆ ಒಬ್ಬನನ್ನು ಎಲ್ಲರಿಗಿಂತ ಮೊದಲು ಗುರುತಿಸಬೇಕು, ಅವನ ಚಿತ್ರವಿರುವ ಕಾರ್ಡುಗಳನ್ನು ಚಿಲ್ಲರೆ ಕಾಸಿಗೆ ಕೊಂಡಿಡಬೇಕು, ಅವನು ಹೆಸರು ಮಾಡಿದ ದಿನ ಸಂಗ್ರಹಕಾರರಿಗೆ ಮಾರಿ ತನ್ನ ಹುಲ್ಲು ಕತ್ತರಿಸುವ ಯಂತ್ರಗಳ ರಿಪೇರಿ ಅಂಗಡಿಗೆ ಬೀಗ ಜಡಿಯಬೇಕು. ವೆಂಡೆಲ್‌ನ ಲೆಕ್ಕಾಚಾರ ಇಷ್ಟೇ. ಹದಿನೈದು ವರ್ಷವಾದರೂ ಅಂಗಡಿ ತೆರೆದೇ ಇತ್ತು.

ಅವನು ಮೊದಲು ನಂಬಿದ ಹುಡುಗ ಮೊಣಕಾಲು ಮುರಿದುಕೊಂಡ. ಎರಡನೆಯವನಿಗೆ ದೇವರ ಕರೆ ಬಂದು ಮಠ ಸೇರಿದ. ಮೂರನೆಯವನು, ಇವನ ಮೇಲೆ ವೆಂಡೆಲ್ ತನ್ನ ಮೀನು ಹಿಡಿಯುವ ದೋಣಿಯನ್ನೇ ಮಾರಿ ಸುರಿದಿದ್ದ, ಒಂದು ಬೆಳಿಗ್ಗೆ ಎದ್ದು ತನಗೆ ಈ ಆಟ ಇಷ್ಟವೇ ಇಲ್ಲವೆಂದು ಹೇಳಿ ವಿಮೆ ಮಾರಲು ಹೋದ. ಕೊನೆಕೊನೆಗೆ ಆಟಗಾರರೇ ಇವನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಮೈದಾನದ ಸುಣ್ಣದ ಗೆರೆ ತುಳಿದರೆ ಅಪಶಕುನವೆಂದು ಹೆದರುವ ಮಂದಿ ಅವರು, ವೆಂಡೆಲ್‌ಗೆ ಹೆದರದೆ ಇರುತ್ತಾರೆಯೇ? ಒಬ್ಬ ಹುಡುಗನ ತಾಯಿ ಟೆಕ್ಸಸ್‌ನಿಂದ ಫೋನು ಮಾಡಿ, "ನಿಮ್ಗೆ ಕೈ ಮುಗಿತೀನಿ, ನಮ್ ಹುಡುಗನ್ನ ಮಾತ್ರ ಕೊಂಡ್ಕೋಬೇಡಿ" ಎಂದು ಬೇಡಿಕೊಂಡಿದ್ದಳು.

ಹಣಕ್ಕಿಂತ ಹೆಚ್ಚಾಗಿ ವೆಂಡೆಲ್‌ಗೆ ಬೇಕಾಗಿದ್ದುದು ಒಂದು ವಾಕ್ಯ. ಪ್ರತಿ ಬೆಳಿಗ್ಗೆ ಕಾಫಿ ಕುಡಿಯುವ ಹೋಟೆಲಿನಲ್ಲಿ, ಕಾರ್ಡಿನ ಅಂಗಡಿಯ ಡ್ವೇನ್ ಮತ್ತು ಅವನ ಪಟಾಲಮ್ಮಿನ ಮುಂದೆ, ಬಟ್ಟಲು ಕೆಳಗಿಟ್ಟು, ನಿಧಾನವಾಗಿ, "ನಾನ್ ಹೇಳಿರ್ಲಿಲ್ವಾ?" ಎನ್ನಬೇಕು. ಅಂಗಡಿಯಲ್ಲಿ ಒಬ್ಬನೇ ಇರುವಾಗ ಅದನ್ನು ಹೇಳಿ ನೋಡುತ್ತಿದ್ದ.

ಕಾರ್ಡುಗಳಿದ್ದದ್ದು ಮನೆಯ ನೆಲಮಾಳಿಗೆಯಲ್ಲಿ. ತೇವ ತಗುಲಿದರೆ ಮೂಲೆ ಮೆತ್ತಗಾಗುತ್ತದೆ, ಮೂಲೆ ಮೆತ್ತಗಾದರೆ ಬೆಲೆ ನೆಲ ಕಚ್ಚುತ್ತದೆ. ಹಾಗಾಗಿ ಮನೆಯಲ್ಲಿದ್ದ ಒಂದೇ ಏರ್ ಕಂಡೀಷನರ್ ಅಲ್ಲಿ ಹಗಲಿರುಳು ಗುಯ್‌ಗುಡುತ್ತಿತ್ತು. ಮೇಲೆ ಮಲಗುವ ಕೋಣೆಯಲ್ಲಿ ಅವನ ಹೆಂಡತಿ ಇರ್ಮಾ ಆಗಸ್ಟ್ ತಿಂಗಳ ಸೆಖೆಯಲ್ಲಿ ರಟ್ಟಿನ ಬೀಸಣಿಗೆ ಹಿಡಿದು ಹೊರಳಾಡುತ್ತಿದ್ದಳು.

"ಮಠ ಸೇರಿದೋನಿಗೆ ತಂಪು, ಮೊಣಕಾಲು ಮುರ್ದೋನಿಗೆ ತಂಪು" ಎನ್ನುತ್ತಿದ್ದಳು. "ನಾನೂ ಒಂದು ಫೋಟೋ ತೆಗೆಸ್ಕೊಂಡ್ ಬಂದು ಅಲ್ಲೇ ಮಲಗ್ಲಾ?"

"ನಿನ್ ಮೂಲೆಗಳು ಚೆನ್ನಾಗೇ ಇವೆ" ಎನ್ನುತ್ತಿದ್ದ ವೆಂಡೆಲ್. ಅದು ಹೊಗಳಿಕೆಯೆಂದೇ ಅವನು ತಿಳಿದಿದ್ದ. ಕಾರ್ಡು ಮುಟ್ಟುವಾಗ ಬಿಳಿ ಹತ್ತಿಯ ಕೈಗವಸು ಹಾಕುತ್ತಿದ್ದ. ಇರ್ಮಾಳ ಕೈಯನ್ನು ಕೊನೆಯ ಸಲ ಮುಟ್ಟಿ ಎಷ್ಟು ವರ್ಷವಾಯಿತೆಂದು ಅವನನ್ನು ಯಾರೂ ಕೇಳಿರಲಿಲ್ಲ.

ಎಂಬತ್ತೆಂಟರ ಬೇಸಿಗೆಯಲ್ಲಿ ಎಲಿಯೊ ಬ್ರಿಟೊ ಬಂದ. ಡೊಮಿನಿಕನ್ ಗಣರಾಜ್ಯದ ಯಾವುದೋ ಕಬ್ಬಿನ ಸೀಮೆಯವನು, ಹತ್ತೊಂಬತ್ತು ವರ್ಷ, ಚೆಂಡೆಸೆಗಾರ. ಬಲಗೈಯಿಂದ ಗಂಟೆಗೆ ತೊಂಬತ್ತೇಳು ಮೈಲಿ ವೇಗದಲ್ಲಿ ಚೆಂಡು ಬಿಡುತ್ತಿದ್ದ, ಇಂಗ್ಲಿಷಿನಲ್ಲಿ ಹದಿನಾಲ್ಕು ಪದ ಬಲ್ಲವನಾಗಿದ್ದ. ಇಂಥ ಹುಡುಗರಿಗೆ ಊರಿನ ಮನೆಗಳಲ್ಲೇ ಒಂದು ಕೋಣೆ ಕೊಡುವುದು ಇಲ್ಲಿಯ ರೂಢಿ. ಹದಿನೈದು ವರ್ಷದಲ್ಲಿ ಒಮ್ಮೆಯೂ ಕೋಣೆ ಕೊಡದ ವೆಂಡೆಲ್, ಎಲಿಯೊ ಚೆಂಡೆಸೆದ ಮೊದಲ ಮಧ್ಯಾಹ್ನವೇ ತಂಡದ ಕಚೇರಿಯಲ್ಲಿ ಹೋಗಿ ನಿಂತ. ಇರ್ಮಾ ಬೆರಗಾದಳು. ಅವರಿಗೆ ಮಕ್ಕಳಿರಲಿಲ್ಲ, ಈಗಲಾದರೂ ಇವನ ಎದೆ ಕರಗಿತಲ್ಲ ಎಂದುಕೊಂಡು ಹೊಸ ಹೊದಿಕೆ ಹೊಲಿದಳು. ಅದೇ ವಾರ ವೆಂಡೆಲ್ ಡ್ವೇನನ ಅಂಗಡಿಯಿಂದ, ಮೈದಾನದ ಟಿಕೆಟ್ ಕಿಟಕಿಯಿಂದ, ಪಕ್ಕದ ಮೂರು ಊರುಗಳಿಂದ ಎಲಿಯೊನ ಕಾರ್ಡುಗಳನ್ನೆಲ್ಲ ಬಳಿದುಕೊಂಡು ಬಂದ. ಒಟ್ಟು ಆರುನೂರ ಹನ್ನೆರಡು.

ಆಮೇಲೆ ಆ ಬಲಗೈಗೆ ನಡೆದ ಉಪಚಾರ ಮದುಮಗನಿಗೂ ನಡೆದಿರಲಾರದು. ಎಲಿಯೊ ಚೀಲ ಎತ್ತುವಂತಿಲ್ಲ, ವೆಂಡೆಲ್ ಹೊರುತ್ತಾನೆ. ಎಲಿಯೊ ಉಪ್ಪಿನಕಾಯಿ ಶೀಸೆಯ ಮುಚ್ಚಳ ತಿರುಗಿಸುವಂತಿಲ್ಲ, ವೆಂಡೆಲ್ ಅಂಗಡಿಯಿಂದ ಓಡಿ ಬರುತ್ತಾನೆ. ಆಟ ಮುಗಿಸಿ ಬಂದರೆ ಬಿಸಿ ಎಣ್ಣೆ ಹಚ್ಚಿ, ಭುಜದಿಂದ ಬೆರಳ ತುದಿಯವರೆಗೆ ಕಣ್ಣು ಮುಚ್ಚಿಕೊಂಡು ನೀವುತ್ತಾನೆ. ಎಲಿಯೊಗೆ ಅನ್ನ ಬೇಕೆಂದು ಇರ್ಮಾ ಅನ್ನ ಮಾಡಲು ಕಲಿತಳು. ಮೊದಲ ದಿನ ಅದು ಅಂಟಾಯಿತು, ಎರಡನೆಯ ದಿನ ಸುಣ್ಣದಂತಾಯಿತು, ಮೂರನೆಯ ದಿನ ಎಲಿಯೊ ಎದ್ದು ತಾನೇ ಪಾತ್ರೆ ಕೆಳಗಿಳಿಸಲು ಹೋದ.

"ಪಾತ್ರೆ ಬಿಡು" ಎಂದ ವೆಂಡೆಲ್, ಸತ್ತವನ ಮುಖ ಮಾಡಿಕೊಂಡು. "ಬಿಸಿ ಇದೆ. ಕೈ."

"ನಾನು ಬಿಸಿ ಪಾತ್ರೆ ಇಪ್ಪತ್ತೈದು ವರ್ಷದಿಂದ ಇಳಿಸ್ತಿದೀನಿ" ಎಂದಳು ಇರ್ಮಾ.

ಎಲಿಯೊಗೆ ಅಪ್ಪ ಇರಲಿಲ್ಲ. ಇವನ ಕೈಯನ್ನು ಹೀಗೆ ಯಾರೂ ಹಿಡಿದಿರಲಿಲ್ಲ. ಜುಲೈ ಹೊತ್ತಿಗೆ ಅವನು ವೆಂಡೆಲ್‌ನನ್ನು 'ಪಾಪಾ' ಎಂದು ಕರೆಯುತ್ತಿದ್ದ. ಪಾಪಾ ಎನಿಸಿಕೊಂಡ ಪ್ರತಿ ಸಲವೂ ವೆಂಡೆಲ್‌ಗೆ ಒಳಗೊಳಗೇ ಮುಜುಗರವಾಗುತ್ತಿತ್ತು, ಆದರೆ ಬೇಡವೆಂದು ಅವನು ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಎಲಿಯೊಗೆ ಮೇಲಿನ ತಂಡದಿಂದ ಕರೆ ಬಂತು. ಹೊರಡುವ ಬೆಳಿಗ್ಗೆ ವೆಂಡೆಲ್ ಅಂಗಡಿಗೆ ಹೋಗಿದ್ದ. ಹುಡುಗನ ಪೆಟ್ಟಿಗೆ ನೆಲಮಾಳಿಗೆಯಲ್ಲಿದ್ದುದರಿಂದ ಇರ್ಮಾ ಕೀಲಿ ಕೊಟ್ಟು, ಪ್ರಯಾಣಕ್ಕೆ ತಿಂಡಿ ತರಲೆಂದು ಪೇಟೆಗೆ ಹೋದಳು. ಪೆಟ್ಟಿಗೆಯ ಪಕ್ಕದಲ್ಲಿ ಉದ್ದನೆಯ ರಟ್ಟಿನ ಡಬ್ಬಿಯೊಂದು ಎಲಿಯೊನ ಕಣ್ಣಿಗೆ ಬಿತ್ತು. ತೆರೆದರೆ ಒಳಗೆ ಅವನೇ. ಹಿಂದೆ ಅವನೇ, ಮುಂದೆ ಅವನೇ, ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ. ಈ ಮನುಷ್ಯ ನನ್ನ ಚಿತ್ರವನ್ನು ಇಷ್ಟು ಸಲ ಇಟ್ಟುಕೊಂಡಿದ್ದಾನೆಂದರೆ ನನ್ನ ಮೇಲೆ ಎಷ್ಟು ಪ್ರೀತಿ ಇರಬೇಕು ಎಂದು ಹುಡುಗ ಅಲ್ಲೇ ಕುಳಿತು ಅತ್ತ. ಆಮೇಲೆ ಡಬ್ಬಿಯನ್ನು ಅಡುಗೆಮನೆಗೆ ತಂದು, ದಿನಸಿ ಚೀಟಿ ಬರೆಯುವ ನೀಲಿ ಬಾಲ್‌ಪೆನ್ನು ಹಿಡಿದು, ಒಂದೊಂದೇ ಕಾರ್ಡನ್ನು ಹೊರಗೆಳೆದು, ಚಿತ್ರದಲ್ಲಿದ್ದ ತನ್ನ ಎದೆಯ ಮೇಲೆ ಅಡ್ಡಡ್ಡವಾಗಿ ಬರೆಯತೊಡಗಿದ: 'ನನ್ನ ಅಪ್ಪ ವೆಂಡೆಲ್‌ಗೆ, ಎಲಿಯೊ.'

ಇರ್ಮಾ ಬಂದಾಗ ಇನ್ನೂ ಅರ್ಧ ಡಬ್ಬಿ ಉಳಿದಿತ್ತು. ಸಹಿ ಎಂದರೇನು, ಶಾಯಿ ಎಂದರೇನು, ಮೂಲೆ ಎಂದರೇನು ಎಂಬುದನ್ನೆಲ್ಲ ಹದಿನೈದು ವರ್ಷದಿಂದ ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು. ಬಾಲ್‌ಪೆನ್ನು ತಗುಲಿದ ಕಾರ್ಡಿಗೆ ಬೆಲೆಯಿಲ್ಲ. ತಡೆಯಬಹುದಿತ್ತು. ಅವಳು ಹುಡುಗನ ಮುಖ ನೋಡಿದಳು, ಪೆನ್ನಿನ ಶಾಯಿ ಮುಗಿಯುತ್ತ ಬಂದಿದ್ದನ್ನು ನೋಡಿದಳು, ಖಾನೆಯಿಂದ ಇನ್ನೊಂದು ಪೆನ್ನು ತೆಗೆದು ಕೊಟ್ಟಳು.

ವೆಂಡೆಲ್ ಒಳಗೆ ಬಂದವನೇ ಬಾಗಿಲಲ್ಲಿ ಕಂಬವಾದ. ಮೇಜಿನ ತುಂಬ ಕಾರ್ಡು, ಕಾರ್ಡಿನ ತುಂಬ ಶಾಯಿ, ಕೆಲವಕ್ಕೆ ಇರ್ಮಾಳ ಹಣ್ಣಿನ ಪೈ ತಿಂದ ಬೆರಳಿನ ಗುರುತು. ಎಲಿಯೊ ಊದಿದ ಬಲಗೈಯನ್ನು ಕೊಡವುತ್ತ ನಗುತ್ತಿದ್ದ.

"ಎಲ್ಲಾ ಮುಗೀತು ಪಾಪಾ. ಆರುನೂರ ಹನ್ನೆರಡು. ಕೈ ಸ್ವಲ್ಪ ನೋಯ್ತಿದೆ."

ವೆಂಡೆಲ್ ಮೇಜಿನಿಂದ ಕಾರ್ಡೊಂದನ್ನು ಎತ್ತಿ ಬೆಳಕಿಗೆ ಹಿಡಿದ. ಇರ್ಮಾ ಅವನನ್ನೇ ನೋಡುತ್ತಿದ್ದಳು.

"ಅಕ್ಷರ ಚೆನ್ನಾಗಿದೆ" ಎಂದ ಅವನು. ಬಸ್ಸು ಹೊರಟ ಮೇಲೆ ನೆಲಮಾಳಿಗೆಗೆ ಹೋಗಿ ಎರಡು ಗಂಟೆ ಕಾಲ ಮೇಲಕ್ಕೆ ಬರಲಿಲ್ಲ.

ವಿಧಿಗೆ ತಮಾಷೆ ಇಷ್ಟವೇನೋ, ಮೂರು ವರ್ಷದಲ್ಲಿ ಎಲಿಯೊ ಬ್ರಿಟೊ ದೇಶವೇ ಬಾಯಿ ಬಿಟ್ಟು ನೋಡುವ ಚೆಂಡೆಸೆಗಾರನಾದ. ಅವನ ಮೊದಲ ದೊಡ್ಡ ಗೆಲುವಿನ ಮರುದಿನ ಹೋಟೆಲಿನಲ್ಲಿ ಎಲ್ಲರೂ ವೆಂಡೆಲ್‌ನತ್ತ ತಿರುಗಿದರು. ಅವನು ಬಟ್ಟಲು ಕೆಳಗಿಟ್ಟ, ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಡ್ವೇನ್ ಕೇಳಿದ.

"ನಿನ್ನ ಡಬ್ಬೀಲಿರೋದನ್ನ ನಂಗೇ ಮಾರ್ತೀಯ ತಾನೆ? ಹೊಸದಾಗಿರೋ ಒಂದೊಂದಕ್ಕೂ ಎಂಬತ್ತು ಡಾಲರ್ ಕೊಡ್ತೀನಿ."

ವೆಂಡೆಲ್ ಜೇಬಿನಿಂದ ಒಂದನ್ನು ತೆಗೆದು ತೋರಿಸಿದ. ಡ್ವೇನ್ ಅದನ್ನು ಹತ್ತಿರ ಹಿಡಿದ, ದೂರ ಹಿಡಿದ, ತಲೆಯಾಡಿಸಿದ.

"ಬರೀ ಸಹಿ ಇದ್ದಿದ್ರೆ ಒಂದು ಮಾತು. ಇದು ನಿನ್ ಹೆಸರಿಗೆ ಬರ್ದಿರೋದು, ಅದೂ ಬಾಲ್‌ಪೆನ್ನಲ್ಲಿ. ಯಾರು ತಗೋತಾರೆ ಮಾರಾಯ? ಇನ್ನೊಬ್ಬ ವೆಂಡೆಲ್ ಸಿಕ್ಕಿದ್ರೆ ನೋಡು."

ಹೋಟೆಲು ಹತ್ತು ನಿಮಿಷ ನಕ್ಕಿತು. ಗೆದ್ದ ಕುದುರೆಯ ಮೇಲೆ ಹಣ ಕಟ್ಟಿಯೂ ಸೋತ ಒಬ್ಬನೇ ಮನುಷ್ಯ ನಮ್ಮೂರಿನಲ್ಲಿದ್ದಾನೆ ಎಂದರು. ವೆಂಡೆಲ್ ತನ್ನ 'ನಾನ್ ಹೇಳಿರ್ಲಿಲ್ವಾ' ಹೇಳದೆಯೇ ಬಟ್ಟಲು ಎತ್ತಿಕೊಂಡ.

ಆದರೆ ವ್ಯಾಪಾರದ ಹುಚ್ಚು ಬಿಡಬೇಕಲ್ಲ. ಇರ್ಮಾಗೆ ಹೇಳದೆ, ಸಂಗ್ರಹಕಾರರ ವಾರಪತ್ರಿಕೆಯಲ್ಲಿ ವೆಂಡೆಲ್ ಜಾಹೀರಾತು ಕೊಟ್ಟ: 'ಎಲಿಯೊ ಬ್ರಿಟೊ ಸಹಿ ಮಾಡಿದ ಕಾರ್ಡುಗಳು. ವೆಂಡೆಲ್ ಎಂಬ ಹೆಸರಿನವರು ಮಾತ್ರ ಬರೆಯಿರಿ.' ಇಡೀ ದೇಶದಿಂದ ಬಂದದ್ದು ಒಂದು ಕಾಗದ, ನೆಬ್ರಾಸ್ಕಾದ ವೆಂಡೆಲ್ ಸ್ಟಾಕ್ ಎಂಬವನದು. ಹನ್ನೆರಡು ಡಾಲರಿಗೆ ಒಂದು ಕಾರ್ಡು ಹೋಯಿತು. ಹದಿನೈದಲ್ಲ, ಈಗ ಹದಿನೆಂಟು ವರ್ಷದಲ್ಲಿ ವೆಂಡೆಲ್‌ಗೆ ಬಂದ ಮೊದಲ ಲಾಭ ಅದು. ಆ ಹಣದಲ್ಲಿ ಅವನು ಏನೂ ಕೊಳ್ಳಲಿಲ್ಲ.

ಮುಂದಿನ ವಸಂತದಲ್ಲಿ ಎಲಿಯೊ ಫೋನು ಮಾಡಿದ. ಮದುವೆಯಾಗಿತ್ತು, ಮಗಳು ಹುಟ್ಟಿದ್ದಳು.

"ಜೂನಲ್ಲಿ ಬರ್ತೀವಿ ಪಾಪಾ. ಹೆಂಡ್ತಿಗೆ ಆ ಡಬ್ಬಿ ತೋರಿಸ್ಬೇಕು. ಆರುನೂರ ಹನ್ನೆರಡು ಅಂದ್ರೆ ಅವಳು ನಂಬಲ್ಲ. ಎಲ್ಲಾ ಇದಾವೆ ತಾನೆ?"

"ಎಲ್ಲಾ ಇದಾವೆ" ಎಂದ ವೆಂಡೆಲ್. ಫೋನು ಇಟ್ಟವನೇ ನೆಲಮಾಳಿಗೆಗೆ ಇಳಿದು ಡಬ್ಬಿ ತೆರೆದ. ಆರುನೂರ ಹನ್ನೊಂದನ್ನು ಯಾರೂ ಎಣಿಸುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಎಲ್ಲೋ ನೆಬ್ರಾಸ್ಕಾದಲ್ಲಿ ಇನ್ನೊಬ್ಬ ಗಂಡಸು ಆ ಕಾರ್ಡು ಹಿಡಿದು ಎಲಿಯೊನ ಅಪ್ಪನಾಗಿ ಕುಳಿತಿದ್ದಾನೆ ಎಂಬ ಯೋಚನೆಗೆ ಅವನ ಹೊಟ್ಟೆ ಉರಿಯಿತು. ಅಂದೇ ಆ ಸ್ಟಾಕ್‌ಗೆ ಫೋನು ಮಾಡಿ, ಕೊಟ್ಟ ಹಣಕ್ಕೆ ದುಪ್ಪಟ್ಟು ಕೊಡುತ್ತೇನೆ, ಕಾರ್ಡು ವಾಪಸು ಕಳಿಸು ಎಂದ.

"ನೀನೇ ಮಾರಿ ನೀನೇ ವಾಪಸ್ ಕೇಳ್ತಿದ್ದೀಯಾ ಅಂದ್ರೆ ಅದ್ರಲ್ಲೇನೋ ಇದೆ" ಎಂದಿತು ನೆಬ್ರಾಸ್ಕಾ. "ಮುನ್ನೂರು ಡಾಲರ್. ಒಂದು ಕಾಸೂ ಕಮ್ಮಿ ಇಲ್ಲ."

ವೆಂಡೆಲ್ ಚೌಕಾಸಿ ಮಾಡಲಿಲ್ಲ. ನೆಲಮಾಳಿಗೆಯಲ್ಲಿದ್ದ ಮಿಕ್ಕ ಹುಡುಗರನ್ನೆಲ್ಲ, ಮೊಣಕಾಲಿನವನನ್ನು, ಮಠದವನನ್ನು, ವಿಮೆಯವನನ್ನು, ಡ್ವೇನನ ಅಂಗಡಿಗೆ ಹೊತ್ತು ಹಾಕಿದ. ಡ್ವೇನ್ ಹಳೆಯ ಪೇಪರಿನ ಹಾಗೆ ತೂಗಿ ನೋಡಿ ಕೊಟ್ಟದ್ದು ಮುನ್ನೂರಕ್ಕೆ ಕಷ್ಟಪಟ್ಟು ಸಾಕಾಯಿತು. ಅಂದು ಸಂಜೆ ಅವನು ಏರ್ ಕಂಡೀಷನರನ್ನು ಮೇಲಕ್ಕೆ ತಂದು ಮಲಗುವ ಕೋಣೆಯ ಕಿಟಕಿಗೆ ಕೂರಿಸಿದ. ಇರ್ಮಾ ರಟ್ಟಿನ ಬೀಸಣಿಗೆಯನ್ನು ಕಸದ ಬುಟ್ಟಿಗೆ ಹಾಕಿದಳು. ವಾರದ ಮೇಲೆ ನೆಬ್ರಾಸ್ಕಾದಿಂದ ಲಕೋಟೆ ಬಂದಾಗ ಬಿಚ್ಚಿದ್ದು ಅವಳೇ. ಕಾರ್ಡಿನ ಒಂದು ಮೂಲೆ ದಾರಿಯಲ್ಲಿ ಮಡಚಿಹೋಗಿತ್ತು. ವೆಂಡೆಲ್ ಅದನ್ನು ಬರಿಗೈಯಲ್ಲಿ ತೆಗೆದುಕೊಂಡು ಡಬ್ಬಿಗೆ ಸೇರಿಸಿದ.

ಜೂನಿನಲ್ಲಿ ಎಲಿಯೊ ಹೆಂಡತಿ ಮಗುವನ್ನು ಕರೆದುಕೊಂಡು ಬಂದ. ಹೋಟೆಲಿನ ಪಟಾಲಮ್ಮೂ ಏನೋ ನೆಪ ಮಾಡಿಕೊಂಡು ಅಡುಗೆಮನೆಗೆ ಬಂದು ನಿಂತಿತು. ಮೇಜಿನ ಮೇಲೆ ಡಬ್ಬಿ, ಪಕ್ಕದಲ್ಲಿ ಇರ್ಮಾಳ ಪೈ, ಒಂದು ಪಾತ್ರೆ ಹದವಾದ ಅನ್ನ. ಎಲಿಯೊ ಹೆಂಡತಿಗೆ ಒಂದೊಂದೇ ತೆಗೆದು ತೋರಿಸುತ್ತ ಮೂಲೆ ಮಡಚಿದ್ದರ ಹತ್ತಿರ ನಿಂತ.

"ಇದಕ್ಕೇನಾಯ್ತು ಪಾಪಾ?"

"ಅದು ಒಂದ್ಸಲ ಮನೆ ಬಿಟ್ಟು ಹೋಗಿ ಬಂತು" ಎಂದ ವೆಂಡೆಲ್.

ಎಲಿಯೊಗೆ ಅರ್ಥವಾಗಲಿಲ್ಲ. ಡಬ್ಬಿಯ ಉದ್ದಕ್ಕೂ ಕಣ್ಣಾಡಿಸಿ, ಇಷ್ಟು ವರ್ಷ ತನಗೂ ಹೊಳೆಯದಿದ್ದುದನ್ನು ಕೇಳಿದ. "ಅಲ್ಲ ಪಾಪಾ, ಒಂದೋ ಎರಡೋ ಸಾಕಿತ್ತು. ಇಷ್ಟೊಂದು ಯಾಕೆ ತಗೊಂಡೆ?"

ಡ್ವೇನ್ ಕೆಮ್ಮಿದ. ಇರ್ಮಾಳ ಕೈಯಲ್ಲಿದ್ದ ಚಾಕು ಪೈ ಮೇಲೆಯೇ ನಿಂತಿತು. ಸುಳ್ಳುಗಳು ಬೇಕಾದಷ್ಟಿದ್ದವು, ಎಲ್ಲವೂ ಚೆಂದದವು. ವೆಂಡೆಲ್ ಹುಡುಗನ ಬಲಗೈಯನ್ನು ನೋಡಿದ, ಅದು ಮಗುವಿನ ತಲೆಯ ಕೆಳಗಿತ್ತು.

"ಮಾರೋಕೆ" ಎಂದ.

ಎಲಿಯೊ ಮೇಜು ಕುಟ್ಟಿಕೊಂಡು ನಕ್ಕ. ಹೆಂಡತಿಗೆ ಅವರ ಭಾಷೆಯಲ್ಲಿ ಹೇಳಿದ, ಅವಳೂ ನಕ್ಕಳು. ಇವರಿಬ್ಬರ ನಗು ನೋಡಿ ಹೋಟೆಲಿನ ಪಟಾಲಮ್ಮೂ ನಕ್ಕಿತು. ನನ್ನ ಪಾಪಾನಷ್ಟು ತಮಾಷೆಯ ಮನುಷ್ಯ ಇನ್ನೊಬ್ಬನಿಲ್ಲ ಎಂದು ಎಲಿಯೊ ಕಣ್ಣೊರೆಸಿಕೊಂಡ. ವೆಂಡೆಲ್ ಮತ್ತೆ ಹೇಳಲು ಬಾಯಿ ತೆರೆದ, ಯಾರೂ ಕೇಳಿಸಿಕೊಳ್ಳುವ ಹಾಗಿರಲಿಲ್ಲ.

ಇರ್ಮಾ ಮಾತ್ರ ನಗಲಿಲ್ಲ. ಅವನ ತಟ್ಟೆಗೆ ಎಲ್ಲರಿಗಿಂತ ದೊಡ್ಡ ತುಂಡು ಪೈ ಹಾಕಿ, ಅವನ ಪಕ್ಕದಲ್ಲೇ ಕುಳಿತಳು.