ಬಸ್ಸು ಸಿಕ್ತಾ ಮಾರಾಯ್ತಿ?

ಎರಡೂ ಕೈಗಳ ಹೆಬ್ಬೆರಳು, ತೋರುಬೆರಳುಗಳ ತುದಿ ಕೂಡಿಸಿ, ನಡುವಿನ ಸಂದಿಗೆ ಒಂದು ಕಣ್ಣಿಟ್ಟು ಮೇಡಂ ನಮ್ಮನ್ನು ನೋಡುತ್ತಿದ್ದರು. ಆ ಬೆರಳುಗಳಿಂದ ಲ್ಯಾಬಿನ ಕೆಂಪು ಬಣ್ಣ ಎಂದೂ ಹೋಗುತ್ತಿರಲಿಲ್ಲ. "ನಾಲ್ಕು ಬೆರಳು ಅಂದ್ರೆ ನಾಲ್ಕು ಪ್ರೋಟೀನು. ಜೀವಕೋಶದ ಪೊರೇಲಿ ಹೀಗೆ ಕೂಡಿ ನಿಂತ್ರೆ ಪೊಟ್ಯಾಸಿಯಂಗೆ ದಾರಿ. ಇದೇ ಚಾನೆಲ್" ಎನ್ನುತ್ತಿದ್ದರು. ಆ ಕಣ್ಣು ನನ್ನ ಮೇಲೆ ನಿಲ್ಲಲಿ ಎಂದೇ ನಾನು ಮೊದಲ ಬೆಂಚಿನಲ್ಲಿ ಕೂರುತ್ತಿದ್ದೆ. ಅದು ನನ್ನನ್ನು ದಾಟಿ ಭದ್ರಾವತಿಯ ಹುಡುಗಿಯ ಮೇಲೆ ನಿಲ್ಲುತ್ತಿತ್ತು.

ಎರಡು ಸಾವಿರದ ಇಸವಿಯ ಆಸುಪಾಸು, ಶಿವಮೊಗ್ಗದಲ್ಲಿ ನಮ್ಮ ಬಿ.ಎಸ್ಸಿ ಕೊನೆಯ ವರ್ಷ. ಕಾರ್ಖಾನೆ ಕ್ವಾರ್ಟರ್ಸಿನಿಂದ ಬರುತ್ತಿದ್ದ ಅವಳು ಮೇಡಂ ಬಾಯಲ್ಲಿ "ಮಾರಾಯ್ತಿ". ನಮ್ಮಪ್ಪ ಅದೇ ಕಾಲೇಜಿನ ಹಿರಿಯ ಉಪನ್ಯಾಸಕರು, ಹಾಗಾಗಿ ನಾನೊಬ್ಬಳು "ನೀವು". ಬೆಳಿಗ್ಗೆ ಬಂದವರೇ ಅವಳನ್ನು ಕೇಳುತ್ತಿದ್ದರು, "ನಿನ್ನೆ ಬಸ್ಸು ಸಿಕ್ತಾ ಮಾರಾಯ್ತಿ?" ಊರೊಳಗೆ ಸವಳಂಗ ರಸ್ತೆಯಲ್ಲೇ ಮನೆಯಿದ್ದ ನನ್ನನ್ನು ಯಾರು ಕೇಳಬೇಕು? ನಮ್ಮ ಮನೆಯೂ ಭದ್ರಾವತಿಯಲ್ಲಿರಬಾರದಿತ್ತೇ ಎಂದು ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಮೇಡಂ ಕೇಳಿದರು, "ಸೋಡಿಯಂ ಇನ್ನೂ ಚಿಕ್ಕದು. ಆದ್ರೂ ಪೊಟ್ಯಾಸಿಯಂ ದಾರೀಲಿ ತೂರಲ್ಲ. ಯಾಕೆ?"

ನಾನು ಥಟ್ಟನೆ ಎದ್ದೆ. "ಬಾಗಿಲು ಮುಚ್ಚಿರುತ್ತೆ ಮೇಡಂ."

"ಕೂತ್ಕೊಳ್ಳಿ."

ಅವಳು ಎದ್ದಳು. "ಎರಡೂ ಸುತ್ತ ನೀರು ಹೊದ್ಕೊಂಡಿರ್ತವೆ ಮೇಡಂ. ತೂರಬೇಕಾದ್ರೆ ಅದನ್ನ ಬಿಡ್ಬೇಕು. ನೀರಿನ ಬದಲು ಗೋಡೇಲಿರೋ ಆಕ್ಸಿಜನ್ ಪೊಟ್ಯಾಸಿಯಂನ ಹಿಡ್ಕೊಳ್ಳುತ್ತೆ. ಸೋಡಿಯಂ ಚಿಕ್ಕದು, ಅದಕ್ಕೆ ಗೋಡೆ ಎಟುಕಲ್ಲ."

"ಎಷ್ಟು ಚೆಂದ ಹೇಳಿದ್ಯೇ ಮಾರಾಯ್ತಿ!"

ಆ ಪದಕ್ಕಾಗಿ ನಾನು ಪಠ್ಯಪುಸ್ತಕ ಇಡಿಯಾಗಿ ಬಾಯಿಪಾಠ ಮಾಡಿದೆ. ಪರೀಕ್ಷೆಯಲ್ಲಿ ಅವಳಿಗಿಂತ ಹೆಚ್ಚು ಅಂಕ ನನಗೇ ಬಂತು. "ತುಂಬಾ ಸಂತೋಷ, ನಿಮ್ಮ ತಂದೆಯವರಿಗೂ ತಿಳಿಸಿ" ಎಂದರು ಮೇಡಂ.

"ಚಾನೆಲ್ ಯಾವ ಜಾತೀದು ಅಂತ ಹೇಳೋಕೆ ಎರಡೇ ಪ್ರಶ್ನೆ. ಯಾರಿಗೆ ದಾರಿ ಬಿಡುತ್ತೆ? ಯಾವುದಕ್ಕೆ ತೆರೆಯುತ್ತೆ?" ಇದು ಅವರ ನಿತ್ಯದ ಮಾತು. ಕೆಲವು ವಿದ್ಯುತ್ತಿಗೆ ತೆರೆಯುತ್ತವೆ, ಕೆಲವು ತಕ್ಕ ರಾಸಾಯನಿಕ ಬಂದು ಕೂತರೆ, ಕೆಲವು ಪೊರೆ ಎಳೆದಂತಾದರೆ. ಮೇಡಂ ಯಾರಿಗೆ ದಾರಿ ಬಿಡುತ್ತಾರೆಂದು ನನಗೆ ಗೊತ್ತಿತ್ತು. ಯಾವುದಕ್ಕೆ ತೆರೆಯುತ್ತಾರೆಂದು ಮಾತ್ರ ತಿಳಿಯಲಿಲ್ಲ.

ಕೆಲವು ವರ್ಷಗಳ ಮೇಲೆ ಮೇಡಂ ಆಸ್ಪತ್ರೆ ಸೇರಿದ್ದಾರೆಂದು ಕೇಳಿ ಓಡಿದೆ. ದೂರದ ಊರಿನಲ್ಲಿದ್ದ ಅವಳು ಬಂದಿರಲಿಲ್ಲ. ಹೇಳಬೇಕೆಂದರೆ, ಅದು ನನಗೆ ಹಿತವಾಗಿಯೇ ಇತ್ತು. ಕಣ್ಣು ಮಂಜಾಗಿದ್ದ ಮೇಡಂ ನನ್ನ ಕೈ ಹಿಡಿದು ಸವರಿದರು.

"ಬಂದ್ಯೇನೇ ಮಾರಾಯ್ತಿ? ಭದ್ರಾವತಿ ಬಸ್ಸು ಸಿಕ್ತಾ?"

ಮತ್ತೆ ಹೊಟ್ಟೆ ಉರಿಯಿತು. ಕೈ ಬಿಡಿಸಿಕೊಳ್ಳಲು ಮಾತ್ರ ಮನಸ್ಸು ಬರಲಿಲ್ಲ.

"ಸಿಕ್ತು ಮೇಡಂ," ಎಂದೆ. "ಕೂರೋಕೆ ಜಾಗಾನೂ ಸಿಕ್ತು."

ಆ ವಾರವೇ ಮೇಡಂ ಹೋದರು. ಅವಳಿಗೆ ಫೋನ್ ಮಾಡಿ ತಿಳಿಸಿದವಳು ನಾನೇ. "ಕೊನೇಲಿ ನನ್ನ ಕೇಳಿದ್ರಾ?" ಎಂದು ಅತ್ತಳು. ಕೇಳಿದರು ಎಂದೆ. "ಮಾರಾಯ್ತಿ" ಎಂಬ ಆ ಪದವನ್ನು ಮಾತ್ರ ಕೊಡಲಿಲ್ಲ.