ಪುಕ್ಕಟೆ ಸಿಕ್ಕ ಆನೆ

ಜೇವರ್ಗಿಯ ಚೆಸ್ ಪಂದ್ಯಕ್ಕೆ ಆಳಂದದಿಂದ ಹೋದವನು ನಾನೊಬ್ಬನೇ. ಇಡೀ ತಾಲ್ಲೂಕಿನ ಮಾನ ನನ್ನ ಹೆಗಲ ಮೇಲಿದೆ ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದ್ದೆ. ಆ ಮಾನ ಇಳಿದುಹೋಗಲು ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಎದುರಿಗಿದ್ದ ಕನ್ನಡಕದ ಹುಡುಗಿ ತನ್ನ ಆನೆಯನ್ನು ನನ್ನ ಮಂತ್ರಿಯ ಬಾಯಿಗೆ ತಂದಿಟ್ಟಳು. ಅದಕ್ಕೆ ಕಾವಲೂ ಇರಲಿಲ್ಲ. ಪಾಪ, ನೋಡಿಲ್ಲ ಅಂದುಕೊಂಡು ಹೊಡೆದೆ. ಹೊಡೆಯುವಾಗ ಸಮಾಧಾನದ ಒಂದು ನಗೆಯನ್ನೂ ಕೊಟ್ಟೆ. ಐದಾರು ನಡೆಗಳಲ್ಲಿ ನನ್ನ ರಾಜ ತನ್ನದೇ ಪ್ಯಾದೆಗಳ ಹಿಂದೆ ಉಸಿರುಗಟ್ಟಿ ಸತ್ತ.

"ಆ ಆನಿ ಯಾಕ ಹೊಡದ್ರಿ?" ಎಂದು ಅವಳು ಕೇಳಿದಳು.

"ಪುಕ್ಕಟ ಇತ್ತಲ್ರಿ."

ಅವಳು ತಲೆಯಾಡಿಸಿ ಮುಂದಿನ ಆಟಕ್ಕೆ ಕಾಯಿ ಜೋಡಿಸತೊಡಗಿದಳು. ಅದೇ ಹೆಚ್ಚು ಉರಿಯಿತು.

ವಾಪಸು ಬರುವಾಗ ಭೂಸನೂರಿನ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಮೊಬೈಲಿನ ಚೆಸ್ ಪ್ರೋಗ್ರಾಮಿನಲ್ಲಿ ಅದೇ ಆಟ ಇಟ್ಟು, ಈಗ ಯಾವ ನಡೆ ಎಂದು ಕೇಳಿದೆ. ಅದರ ಬಾಣದ ಗುರುತು ನೇರ ಆನೆಯ ಮೇಲೆ ಹೋಗಿ ನಿಂತಿತು. ನನ್ನಂಥದ್ದೇ ಬುದ್ಧಿ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ, ಪಕ್ಕದವರಿಗೆ ತೋರಿಸಲು ಫೋನು ಎತ್ತಿ ಹಿಡಿದೆ. ಅಷ್ಟರಲ್ಲಿ ಬಾಣ ನಡುಗಿ, ಆನೆಯನ್ನು ಬಿಟ್ಟು, ಮೂಲೆಯ ಒಂದು ಪ್ಯಾದೆಯ ಮೇಲೆ ಕೂತುಬಿಟ್ಟಿತು. ಪ್ಯಾದೆ ಒಂದು ಮನೆ ಮುಂದೆ ಸರಿದರೆ ರಾಜನಿಗೆ ಓಡಲು ಒಂದು ಕಿಂಡಿ. ಪುಕ್ಕಟೆ ಆನೆಯನ್ನು ಬಿಟ್ಟು ಕಿಂಡಿ ತೆಗೆಯುವುದೇ? ನಾನು ಕೂತಲ್ಲೇ ದಂಗಾದೆ.

ಆಮೇಲೆ ಓದಿ ತಿಳಿದುಕೊಂಡೆ. ಆ ಪ್ರೋಗ್ರಾಮಿಗೆ ಎದ್ದು ಕಾಣುವ ನಡೆ ಎಂಬುದೇ ಇಲ್ಲ. ಮೂರ್ಖ ನಡೆಗಳನ್ನೂ ಸೇರಿಸಿ ಎಲ್ಲವನ್ನೂ ಆಡಿ ನೋಡುತ್ತದೆ. ಪ್ರತಿಯೊಂದಕ್ಕೂ ಎದುರಾಳಿ ಕೊಡಬಹುದಾದ, ತನಗೆ ಅತ್ಯಂತ ಕೆಡುಕಾಗುವ ಉತ್ತರ ಯಾವುದು, ಅದಕ್ಕೆ ತನ್ನ ಉತ್ತರ ಯಾವುದು ಎಂದು ಇಳಿಯುತ್ತ ಹೋಗಿ, ಕೊನೆಗೆ ಯಾರ ಬಳಿ ಏನು ಉಳಿಯಿತು, ಯಾರ ರಾಜ ಬಯಲಿಗೆ ಬಿದ್ದ ಎಂದು ತೂಗುತ್ತದೆ. ಮೇಲಿನಿಂದ ನೋಡಿದಾಗ ಅದಕ್ಕೂ ಆನೆಯೇ ಬೇಕಿತ್ತು. ಇನ್ನೊಂದಿಷ್ಟು ಆಳಕ್ಕೆ ಹೋದಾಗ ಬೇಡವಾಯಿತು. ನಾನು ಮಾತ್ರ ಮೇಲಿನಿಂದ ನೋಡಿ ಎದ್ದು ಬಂದಿದ್ದೆ.

ಗಾಬರಿಯಾಗಲು ಇನ್ನೊಂದು ಕಾರಣವೂ ಇತ್ತು. ಅಫಜಲಪುರದಲ್ಲಿರುವ ಮಾಮಾ, ಅಂದರೆ ಅವ್ವನ ಅಣ್ಣ, ತನ್ನ ಸಾಗವಾನಿ ಚೆಸ್ ಹಲಗೆಯನ್ನು ಕಾಯಿಗಳ ಸಮೇತ ನನಗೆ ಕೊಡುವುದಾಗಿ ಹೇಳಿದ್ದ. ಯುಗಾದಿಯೊಳಗೆ ಅವನನ್ನು ಒಂದು ಸಲವಾದರೂ ಸೋಲಿಸಬೇಕು, ಇಲ್ಲವಾದರೆ ಅದು ಊರಿನ ಶಾಲೆಗೆ. ಅದರಲ್ಲಿ ಆನೆಗಳಿಗೆ ಸೊಂಡಿಲಿದೆ. ಒಂದು ಕಪ್ಪು ಕುದುರೆಗೆ ಕಿವಿಯಿಲ್ಲ. ಹಲ್ಲು ಬರುವ ವಯಸ್ಸಿನಲ್ಲಿ ಅದನ್ನು ತಿಂದವನು ನಾನೇ. ಆ ಕುದುರೆ ಬೇರೆಯವರ ಪಾಲಾಗುವುದೆಂದರೆ ನನ್ನ ಹೊಟ್ಟೆಗೆ ಹೇಗೆ ಸಹಿಸೀತು? ಹಗಲೆಲ್ಲ ಮೊಬೈಲಿನ ಜೊತೆ ಆಡಿ ಆಡಿ, ಹಬ್ಬಕ್ಕೆ ಮುಂಚಿನ ಭಾನುವಾರ ಅಫಜಲಪುರದ ಬಸ್ಸು ಹತ್ತಿದೆ.

ಮಾಮಾ ಪಡಸಾಲೆಯಲ್ಲಿ ಹಲಗೆ ಹಾಸಿದ. ಮಾಮಾನ ಹೆಂಡತಿ ಅತ್ತಿ ಘತ್ತರಗಿಯ ಗುಡಿಯಿಂದ ತಂದ ಪ್ರಸಾದ ನನ್ನ ಕೈಗೆ ಹಾಕಿ, "ಸೋತಮ್ಯಾಗ ಉಂಡೇ ಹೋಗು" ಎಂದಳು.

ನಾನು ಕಪ್ಪು ಕಾಯಿ ಹಿಡಿದು, ಆತುರಪಡದೆ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಆಡಿದೆ. ಕೊನೆಗೆ ನನ್ನ ಮಂತ್ರಿ ಮಾಮಾನ ರಾಜನ ಹತ್ತಿರ ಬಂದು ನಿಂತಿತು. ರಾಜ ಮೂಲೆಯಲ್ಲಿ, ಸುತ್ತ ದಾರಿಯಿಲ್ಲ.

"ಮುಂದಿನ ನಡಿಗೆ ಮಾತ್ ರೀ ಮಾಮಾ."

"ಹೌದೇನು?" ಮಾಮಾ ರಾಜನನ್ನು ಎತ್ತಿ, ಕುದುರೆಯ ಹಾಗೆ ಹಾರಿಸಿ, ಮೂಲೆಯಿಂದ ಹೊರಗೆ ಇಟ್ಟ.

ನನ್ನ ಬಾಯಿ ಮುಚ್ಚಲಿಲ್ಲ. ನಮ್ಮ ಕಡೆಯ ಹಳೆಯ ಆಟದಲ್ಲಿ, ಇನ್ನೂ ಶಹ, ಅಂದರೆ ಚೆಕ್, ಬೀಳದ ರಾಜ ಒಂದು ಸಲ ಕುದುರೆಯಂತೆ ಹಾರಬಹುದು. ನಾನು ಚೆಸ್ ಕಲಿತದ್ದೇ ಹಾಗೆ. ಮೊಬೈಲಿನ ಜೊತೆ ಆಡುತ್ತ ಅದನ್ನು ಪೂರಾ ಮರೆತಿದ್ದೆ.

"ನಿನ್ನ ಫೋನಿನ್ಯಾಗ ರಾಜಗ ಕಾಲಿಲ್ಲೇನಲೇ?"

ತಲೆ ಖಾಲಿಯಾಗಿ, ಕೈಗೆ ಸಿಕ್ಕ ಕಿವಿಯಿಲ್ಲದ ಕುದುರೆಯನ್ನು ಎಲ್ಲೋ ಇಟ್ಟೆ. ಇಟ್ಟ ಮೇಲೆ ನೋಡಿದೆ, ನನ್ನ ಮಂತ್ರಿ ಅವನ ಆನೆಯ ದಾರಿಯಲ್ಲಿ ಬೆತ್ತಲೆ ನಿಂತಿದೆ. ಮಾಮಾ ಕಣ್ಣು ಮಿಟುಕಿಸದೆ ಹೊಡೆದ. ಅವನ ಆನೆ ಸರಿದ ಜಾಗ ತೆರೆಯಿತು. ನನ್ನ ಕುದುರೆ ಅಲ್ಲಿಗೆ ಹೋದರೆ ಶಹ. ಎಣಿಸಿದೆ. ಮತ್ತೆ ಎಣಿಸಿದೆ. ರಾಜನಿಗೆ ಒಂದು ಮನೆಯೂ ಇಲ್ಲ.

"ಶಹ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಮಾಮಾ ರಾಜನನ್ನು ಮತ್ತೆ ಹಾರಿಸಲು ಎತ್ತಿದ.

"ಹಾರೂದು ಒಂದೇ ಸಲ ರೀ."

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಒಳಗಿನಿಂದ ಅತ್ತಿ, "ಯಾಕ ಸಪ್ಪಳಿಲ್ಲ, ಸೋತನೇನು?" ಎಂದು ಕೇಳಿದಳು. ಮಂತ್ರಿಯನ್ನು ಬೇಕಂತಲೇ ಬಿಟ್ಟುಕೊಟ್ಟೆ ಎಂದು ಆಳಂದದಲ್ಲಿ ಈಗಲೂ ಹೇಳುತ್ತೇನೆ. ನೀವೂ ಹಾಗೆಯೇ ಹೇಳಿ.

ಮಾಮಾ ಹಲಗೆಯನ್ನು ಧೋತರದ ಅಂಚಿನಿಂದ ಒರೆಸಿ ನನ್ನ ಕಡೆ ಸರಿಸಿದ. ಎದ್ದು ಕಾಣುವ ನಡೆ ಒಂದೇ, ತೆಗೆದುಕೊಳ್ಳುವುದು. ಆದರೆ ನಾನೀಗ ಆಳಕ್ಕೆ ಇಳಿದು ನೋಡುವವನಲ್ಲವೇ? ನಾನು ಹಲಗೆ ಒಯ್ದರೆ ಮಾಮಾನಿಗೆ ಆಟವಿಲ್ಲ, ಆಟವಿಲ್ಲದಿದ್ದರೆ ಹೊತ್ತು ಹೋಗದು, ಹೊತ್ತು ಹೋಗದಿದ್ದರೆ ಕೊರಗಿ ಹಾಸಿಗೆ ಹಿಡಿಯುತ್ತಾನೆ. ಇಲ್ಲಿಯೇ ಬಿಟ್ಟರೆ ಹಲಗೆ ಹೇಗೂ ನನ್ನದೇ, ಮೇಲೆ ಹೆಸರೂ ಬರುತ್ತದೆ. ಗಂಟಲು ಸರಿಮಾಡಿಕೊಂಡು, "ಬ್ಯಾಡ್ರಿ ಮಾಮಾ, ನಿಮ್ಮ ಹಂತೇಕನ ಇರಲಿ" ಎಂದೆ.

"ಬ್ಯಾಡೇನು? ಖರೇನಾ?" ಮಾಮಾ ಎದ್ದು ಕಪಾಟಿನಿಂದ ಮಡಚುವ ಹೊಚ್ಚ ಹೊಸ ಹಲಗೆ ತೆಗೆದ. "ನಾ ಹೊಸಾದು ತರಿಸೀನಿ. ನಿನಗ ಬ್ಯಾಡಾದ್ರ ನಾಳೆನ ಸಾಲಿಗೆ ಮುಟ್ಟಸ್ತೀನಿ."

ನಾನು ಮೊಬೈಲಿನ ಆ ಬಾಣದಂತೆ ನಡುಗಿದೆ. "ಅಲ್ರಿ, ನಾ ಸುಮ್ನ ಅಂದೆ..."

"ಮುಟ್ಟಿದ ಕಾಯಿ ನಡಸಬೇಕು, ಅಳಿಯಾ."

"ಆ ಕಿವಿ ಇಲ್ಲದ ಕುದುರಿ ಒಂದಾದ್ರೂ ಕೊಡ್ರಿ."

"ಕುದುರಿ ಇಲ್ದ ಹುಡುಗ್ರು ಹ್ಯಾಂಗ ಆಡ್ತಾವ? ನಡಿ, ಉಣ್ಣು ನಡಿ," ಎಂದು ಮಾಮಾ ಕಾಯಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ.