ಮೂರನೆಯ ಮೂಟೆ ಉಪ್ಪು

ನಮ್ಮ ಮಾವ ಮೂವತ್ತೆಂಟು ವರ್ಷ ಫ್ಯಾಕ್ಟರಿಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವರು. ದಿನಕ್ಕೆ ನಾನೂರು ಜನಕ್ಕೆ ಬೇಯಿಸಿ ಹಾಕಿದರೂ ಅಳತೆಯ ಚಮಚ ಮುಟ್ಟಿದವರಲ್ಲ. ಉಪ್ಪನ್ನು ಕೈಯಲ್ಲೇ ಹಾಕುವುದು, ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟು ನೆಕ್ಕುವುದು, ತಲೆಯಾಡಿಸುವುದು, ಅಷ್ಟೇ. ನಿವೃತ್ತರಾಗಿ ಅತ್ತೆಯೊಂದಿಗೆ ನಮ್ಮ ಮನೆಗೆ ಬಂದ ಮೊದಲ ವಾರವೇ ಅಡುಗೆಮನೆಯನ್ನು ವಶಕ್ಕೆ ತೆಗೆದುಕೊಂಡರು.

ಎರಡನೆಯ ವಾರ ನಾನು, ಬಾಯಿಗೆ ಬೀಗವಿಲ್ಲದ ಅಳಿಯ, ಊಟದ ನಡುವೆ "ಮಾವ, ಉಪ್ಪು ಸ್ವಲ್ಪ ಜಾಸ್ತಿ ಆಯ್ತು" ಎಂದೆ. ಮರುದಿನವೂ ಎಂದೆ. ನನ್ನ ಹೆಂಡತಿ ದನಿಗೂಡಿಸಿದಳು: "ಹೌದಪ್ಪಾ, ವಯಸ್ಸಾದ್ಮೇಲೆ ನಾಲಿಗೆ ಮಂದ ಆಗುತ್ತಂತೆ." ಮಾವ ಅಂದೇ ಸೌಟು ತೊಳೆದು ಮೊಳೆಗೆ ನೇತುಹಾಕಿದವರು ಮತ್ತೆ ಅದನ್ನು ಮುಟ್ಟಲಿಲ್ಲ.

ಸುಮ್ಮನೆ ಕೂರುವ ಜೀವವಲ್ಲ ಅದು. ಹಿತ್ತಲಿನ ಈಜುಕೊಳಕ್ಕೆ ಗಂಟುಬಿದ್ದರು. ಮನೆ ಕೊಂಡಾಗ ಜೊತೆಗೇ ಬಂದ ಪುಟ್ಟ ಕೊಳ, ನಮಗದು ತಲೆನೋವಾಗಿತ್ತು. ಅದರ ನೀರಿಗೆ ಸ್ವಲ್ಪ ಉಪ್ಪು ಬೆರೆಸಿರಬೇಕು. ಪಂಪಿನ ಪಕ್ಕದ ಯಂತ್ರದಲ್ಲಿ ಲೋಹದ ತಗಡುಗಳಿವೆ. ಉಪ್ಪುನೀರು ಅವುಗಳ ನಡುವೆ ಹಾಯುವಾಗ ಕರೆಂಟಿನಿಂದ ಕ್ಲೋರಿನ್ ಹುಟ್ಟಿ ಕೊಳ ಶುದ್ಧವಾಗಿರುತ್ತದೆ. ಮಾವ ದಿನಾ ಬೆಳಿಗ್ಗೆ ಬಲೆಯಿಂದ ಎಲೆ ತೆಗೆದು, ಗೋಡೆ ಉಜ್ಜಿ, ಫಿಲ್ಟರ್ ನೋಡಿ, ಯಂತ್ರದ ಮುಖ ಒರೆಸುವರು. ಆಮೇಲೆ ಅತ್ತಿತ್ತ ಕಣ್ಣಾಡಿಸಿ ನೀರಿಗೆ ಬೆರಳದ್ದಿ ನೆಕ್ಕುವರು. ನಾನು ಕಿಟಕಿಯಿಂದ ನೋಡಿ ನಗುತ್ತಿದ್ದೆ.

ಇಷ್ಟೆಲ್ಲ ಅತ್ತೆಗಾಗಿ. ಅವರ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ನೆಲದ ಮೇಲೆ ವಾಕರ್ ಹಿಡಿದರೂ ನಾಲ್ಕು ಹೆಜ್ಜೆಗೆ ನಡುಗುತ್ತಿದ್ದ ಅತ್ತೆ, ಎದೆಮಟ್ಟದ ನೀರಿನಲ್ಲಿ ಯಾರ ಕೈಯನ್ನೂ ಹಿಡಿಯದೆ ನಡೆಯುತ್ತಿದ್ದರು. "ಎರಡು ತಿಂಗಳು ಒಂದು ದಿನಾನೂ ತಪ್ಪಿಸ್ಬೇಡಿ, ಈಗ ಬಿಟ್ರೆ ಕಾಲು ಮತ್ತೆ ಬಿಗಿದುಕೊಳ್ಳುತ್ತೆ" ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅತ್ತೆ ನೀರಿನೊಳಗೆ, ಮಾವ ದಂಡೆಯ ಮೇಲೆ, ಹೆಗಲಿಗೊಂದು ಟವೆಲ್. ಇಬ್ಬರೂ ಜಗಳವಾಡುತ್ತಲೇ ಸುತ್ತು ಎಣಿಸುವರು.

ಒಂದು ಸೋಮವಾರ ಯಂತ್ರದ ಮೇಲೆ ಕೆಂಪು ದೀಪ ಹತ್ತಿತು. ಉಪ್ಪು ಕಡಿಮೆ ಎಂದು ಅದರ ಅರ್ಥ. ಮಾವ ನೀರು ನೆಕ್ಕಿದರು. ದೀಪ ನೋಡಿದರು, ಇನ್ನೊಮ್ಮೆ ನೆಕ್ಕಿದರು. "ಸರಿಯಾಗೇ ಇದೆ ಅನ್ಸುತ್ತೆ. ಆದ್ರೆ ನನ್ನ ನಾಲಿಗೆ ನಂಬೋ ಹಾಗಿಲ್ವಲ್ಲ" ಎಂದು ಇಪ್ಪತ್ತೈದು ಕಿಲೋದ ಒಂದು ಮೂಟೆ ಉಪ್ಪು ಸುರಿದರು. ಮಂಗಳವಾರವೂ ದೀಪ ಆರಲಿಲ್ಲ. ಎರಡನೆಯ ಮೂಟೆ ಸುರಿದರು. ಕ್ಲೋರಿನ್ ಹುಟ್ಟದೆ ಬುಧವಾರ ನೀರು ಹಸಿರಾಯಿತು, ಅತ್ತೆಯನ್ನು ಇಳಿಸುವಂತಿರಲಿಲ್ಲ. ಮೆಕ್ಯಾನಿಕ್ ಫೋನಿನಲ್ಲಿ "ಇನ್ನೊಂದು ಮೂಟೆ ಹಾಕಿ, ಮುಂದಿನ ವಾರ ಬರ್ತೀನಿ" ಎಂದು ಕೈತೊಳೆದುಕೊಂಡ.

ಅತ್ತೆ ಮಾತ್ರ ದಿನಾ ನೀರಿಗಿಳಿಯುವ ಬಟ್ಟೆ ತೊಟ್ಟು ದಂಡೆಯ ಕುರ್ಚಿಯಲ್ಲಿ ಕೂರುತ್ತಿದ್ದರು. ಶುಕ್ರವಾರ ಆ ಕುರ್ಚಿಯಿಂದ ಅವರನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ಮಾವ ಅದನ್ನು ನೋಡಿದರು. ಅವರ ಮುಖ ನೋಡಲು ನನಗೆ ಸಂಕಟವಾಯಿತು.

ಶನಿವಾರ ನಾನೇ ಮೂರನೆಯ ಮೂಟೆಯನ್ನು ಹೆಗಲ ಮೇಲೆ ಹೊತ್ತು ತಂದೆ. ಮಾವ ಅಡ್ಡ ನಿಂತರು.

"ಹಾಕ್ಬೇಡಿ."

"ಯಂತ್ರ ಸುಳ್ಳು ಹೇಳುತ್ತಾ ಮಾವ?"

"ಒಂದ್ಸಲ ನೀವೇ ನೋಡಿ."

ಮೂಟೆ ಇಳಿಸಿ ಬೆರಳದ್ದಿ ನೆಕ್ಕಿದೆ. ಮುಖ ಕಿವುಚಿಹೋಯಿತು.

"ಇದು ಕಡಿಮೆನಾ?" ಎಂದರು ಮಾವ. "ನಾಲಿಗೆ ಕೆಟ್ಟಿರೋದು ನಂದಲ್ಲ, ಆ ಯಂತ್ರದ್ದು!"

ಕರೆಂಟು ತೆಗೆಸಿ, ಪಂಪಿನ ಕೊಳವೆ ಬಿಚ್ಚಿ, ತಗಡುಗಳಿದ್ದ ಡಬ್ಬಿಯನ್ನು ಬಿಸಿಲಿಗೆ ಎತ್ತಿ ಹಿಡಿದರು. ತಗಡುಗಳ ನಡುವೆ ಬೆಳ್ಳನೆಯ ಸುಣ್ಣ ಗಟ್ಟಿಯಾಗಿ ಕೂತಿತ್ತು. "ಕ್ಯಾಂಟೀನಲ್ಲಿ ನೀರು ಕಾಯಿಸೋ ಪಾತ್ರೇಲಿ ಇದನ್ನ ಎಷ್ಟು ಸಲ ತೆಗೆದಿಲ್ಲ! ಇಷ್ಟು ಕಟ್ಟಿಕೊಂಡ್ರೆ ಅದಕ್ಕೆ ಉಪ್ಪು ಎಲ್ಲಿ ಗೊತ್ತಾಗ್ಬೇಕು?" ಎಂದು ಅಡುಗೆಮನೆಯ ವಿನೆಗರ್ ಬಾಟಲಿಗಳನ್ನೆಲ್ಲ ತರಿಸಿದರು. ಸುಣ್ಣ ಗುಳುಗುಳು ನೊರೆಯೆದ್ದು ಕರಗಿತು. ತೊಳೆದು ಮತ್ತೆ ಜೋಡಿಸಿ ಗುಂಡಿ ಒತ್ತಿದರೆ ಈಗ ಬೇರೆ ದೀಪ: ಉಪ್ಪು ಹೆಚ್ಚು! ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊಳದ ಮೂರನೆಯ ಒಂದು ಭಾಗ ನೀರು ಹೊರಬಿಟ್ಟು ಸಿಹಿನೀರು ತುಂಬಿಸಿದೆವು. ಗಂಟೆಗೊಮ್ಮೆ ಮಾವ ನೆಕ್ಕುವರು, ಇನ್ನೂ ಇಲ್ಲ ಎಂದು ತಲೆ ಅಲ್ಲಾಡಿಸುವರು. ಸಂಜೆ ನೆಕ್ಕಿ "ಸಾಕು, ನಲ್ಲಿ ನಿಲ್ಲಿಸಿ" ಎಂದಾಗ ಯಂತ್ರದ ಮೇಲೆ ಹಸಿರು ದೀಪ ಉರಿಯುತ್ತಿತ್ತು. ನಾನು ದೀಪ ನೋಡಿದೆ. ಅವರು ತಿರುಗಿಯೂ ನೋಡಲಿಲ್ಲ.

"ಹಾಗಾದ್ರೆ ಅಡುಗೇಲಿ ಉಪ್ಪು ಯಾಕೆ ಜಾಸ್ತಿ ಆಗ್ತಿತ್ತು?" ಎಂದು ಒಳಗೆ ಹೆಂಡತಿಯನ್ನು ಕೇಳಿದೆ. ಅವಳು ನಾಲಿಗೆ ಕಚ್ಚಿಕೊಂಡಳು.

"ಹೋದ ವರ್ಷ ನಿಮ್ಮ ಬಿಪಿ ಏರಿತ್ತಲ್ಲ? ಹೇಳಿದ್ರೆ ರಾಮಾಯಣ ಮಾಡ್ತೀರಿ ಅಂತ ಸುಮ್ನೆ ಉಪ್ಪು ಅರ್ಧ ಮಾಡಿಬಿಟ್ಟೆ. ನಮ್ಮಿಬ್ಬರ ನಾಲಿಗೆಗೂ ಅದೇ ಅಭ್ಯಾಸ ಆಗಿಹೋಗಿದೆ. ನಂಗೂ ಹೊಳೀಲೇ ಇಲ್ಲ ನೋಡಿ. ಪಾಪ, ಅಪ್ಪನ ಮೇಲೆ ಗೂಬೆ ಕೂರಿಸಿಬಿಟ್ವಿ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಂಗಳವಾರ ನೀರು ತಿಳಿಯಾಗಿ ತಳದ ಟೈಲ್ಸ್ ಕಂಡವು. ಅತ್ತೆ ಕಂಬಿ ಹಿಡಿದು ಇಳಿದರು. ಮೊದಲ ಸುತ್ತಿಗೆ ತಡವರಿಸಿದರು, ಎರಡನೆಯದಕ್ಕೆ ಕಂಬಿ ಬಿಟ್ಟರು. ಆರು ಸುತ್ತಾಯಿತು ಎಂದು ಮಾವ, ಏಳು ಎಂದು ಅತ್ತೆ. ಜಗಳ ಶುರುವಾದದ್ದು ಕೇಳಿ ನನ್ನ ಹೆಂಡತಿ ಕಣ್ಣೊರೆಸಿಕೊಂಡಳು.

ನಾನು ಅಡುಗೆಮನೆಗೆ ಹೋಗಿ ಮೊಳೆಯಿಂದ ಸೌಟು ತೆಗೆದು ತಂದು, "ತಪ್ಪು ನಂದು ಮಾವ" ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವರು ಸೌಟಿನ ಮೇಲಿನ ಧೂಳನ್ನು ಟವೆಲಿನಿಂದ ಒರೆಸಿದರು.

ಆ ಮಧ್ಯಾಹ್ನ ಎಲ್ಲರಿಗೂ ಬೇಳೆ ಬಡಿಸಿ, ನನ್ನ ಮುಂದೆ ಮಾತ್ರ ಬೇರೆ ಬಟ್ಟಲು ಇಟ್ಟರು.

"ಇದೇನು ಮಾವ?"

"ಉಪ್ಪು ಹಾಕೋ ಮುಂಚೆ ಎತ್ತಿಟ್ಟಿದ್ದು. ಬಿಪಿ ಅಂತ ಹೇಳಿದ್ರಲ್ಲ."

ಸಪ್ಪೆ ಬೇಳೆಯನ್ನು ಒಂದು ತುತ್ತು ತಿಂದೆ. ಆಮೇಲೆ ಯಾರು ಏನಾದರೂ ಅಂದುಕೊಳ್ಳಲಿ ಎಂದು ಮಾವನ ಬಟ್ಟಲಿಗೇ ಚಮಚ ಹಾಕಿ ಬಾಯಿಗಿಟ್ಟುಕೊಂಡೆ. ಮಾವ ತಟ್ಟೆ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು.

"ಸರಿಯಾಗಿದೆ ಮಾವ" ಎಂದೆ.